ಅಕ್ಕಡಿ ಹಾಕಿದ ಶೇಂಗಾ

ಯಾರಲೇ ಅವ, ಅಜ್ಜಗ ಅರಳು ಮರಳು ಆಗ್ಯಾದ ಅಂದಾಂವ? ದನಿ ಗುರ್ತ ಹತ್ತೇದ ನಂಗ. ಹೆಸರ ಹೇಳಿ ಮಾನ ಕಳಿಯಂಗಿಲ್ಲ, ಗಪ್ ಕೂಡು. "ಒಂದ ಹೊಲದಾಗ ಎರಡ ನಮೂನಿ ಶೇಂಗಾ ಯಾರ ಬಿತ್ತತಾರ, ಮುದುಕ ಯಾರ್ಯಾರದೋ ಸುದ್ದಿ ಕಲಸಿ ಹೇಳಾಕತ್ತಾನ" ಅಂದೀ. ಹೌದಪಾ, ಯಾರೂ ಬಿತ್ತಂಗಿಲ್ಲ. ಬಿತ್ತಬಾರದು ಅಂತ ನಿನಗ ಯಾರ ಕಲಿಸಿದ್ರು? ನಿಮ್ಮಪ್ಪ. ಅಂವಗ ಯಾರ ಕಲಿಸಿದ್ರು? ಇಬ್ಬರು ಬಿತ್ತಿ ಕೆಟ್ಟಿದ್ದು ಊರೆಲ್ಲಾ ನಿಂತ ನೋಡಿತು, ಅದಕ್ಕ ಗೊತ್ತಾತು. ಆ ಇಬ್ಬರ ಸುದ್ದೀನೇ ನಾ ಹೇಳಾಕತ್ತಿದ್ದು. ಇವತ್ತ ಮುಂಜಾನಿ ಏನ ಉಂಡಿ ಅಂತ ಕೇಳಬ್ಯಾಡ್ರಿ, ನೆನಪಿಲ್ಲ. ಎಂಬತ್ತೊಂದನೇ ಇಸ್ವಿ ಉತ್ತರಿ ಮಳಿ ಯಾವ ದಿಕ್ಕಿನಿಂದ ಬಂತು ಕೇಳ್ರಿ, ಬೊಟ್ಟ ಮಾಡಿ ತೋರಸ್ತೇನಿ.

ಎಪ್ಪತ್ತೊಂಬತ್ತು ಅನ್ನಾವ್ರೂ ಒಬ್ಬರು ಅದಾರ. ಸುಳ್ಳ. ಎಂಬತ್ತೊಂದು. ಆ ಇಬ್ಬರಾಗ ಒಬ್ಬಾಂವ ಮಲಂಗಸಾಬ, ಅಂವ ತಾನ ತನ್ನ ಬಾಯಿಲೆ ಹೇಳಿದ್ದು, ಅದೂ ಒಂದ ಸಲ ಅಲ್ಲ. ಮೊದಲನೇ ಸಲ ಹೇಳುಮುಂದ ಒಂದ ಮಾತ ಮುಚ್ಚಿಟ್ಟಿದ್ದ. ಅದನ್ನ ಹೇಳಾಕ ಅಂವಗ ಹತ್ತ ವರ್ಷ ಬೇಕಾತು. ಈಗ ನಡುವ ಬಾಯಿ ಹಾಕಬ್ಯಾಡ್ರಿ.

ನೆಲೋಗಿಯಿಂದ ಒಂದ ಹರದಾರಿ ಈಚಿಗೆ ನಮ್ಮೂರು. ಊರ ಮಗ್ಗಲ ಎತ್ತರಕ್ಕ ಮಡ್ಡಿ ನೆಲ. ಅಲ್ಲಿ ಮಲಂಗಸಾಬಂದು ಎರಡ ಎಕರೆ, ಶಿವರಾಯಂದು ಎರಡ ಎಕರೆ. ಬದುವು ಹಾಕಬೇಕಾದ ಜಾಗಾದಾಗ ಇಬ್ಬರ ಅಪ್ಪಗಳೂ ಬದುವು ಹಾಕಿದ್ದಿಲ್ಲ, ಇವರೂ ಹಾಕ್ಲಿಲ್ಲ. ಯಾಕಂದ್ರ ಇಬ್ಬರ ಮನ್ಯಾಗೂ ಒಂದೊಂದೇ ಎತ್ತು. ಮಲಂಗಸಾಬಂದು ಕೆಂದ, ಶಿವರಾಯಂದು ಬಿಳೇದು. ಎರಡೂ ಕೂಡಿದ್ರ ಜೋಡಿ, ಬಿಟ್ರ ಎರಡ ಬಾಯಿ. ಇಂವ ಬಿಟ್ಟ ಅಂವ ಬಿತ್ತಂಗಿದ್ದಿಲ್ಲ, ಅಂವ ಬಿಟ್ಟ ಇಂವ ಹರಗಂಗಿದ್ದಿಲ್ಲ. ಮಸೀದಿ ಮುಂದಿನ ಕಟ್ಟಿ ಮ್ಯಾಲ ಕೂತಾವ್ರು, "ಈ ಇಬ್ಬರ ಲಗ್ನ ಮಾಡಿದ್ದು ಅವರ ಎತ್ತು" ಅಂತ ನಗತಿದ್ರು.

ಮಲಂಗಸಾಬನ ಮನ್ಯಾಗ ಒಂದ ಬೀಜ ಇತ್ತು. ಬಳ್ಳಿ ಶೇಂಗಾ. ನೆಲದ ಮ್ಯಾಲ ಹಾವಿನಂಗ ಹರಕೊಂತ ಹೋಗಿ, ಹರದಲ್ಲೆಲ್ಲಾ ಮಣ್ಣಿಗೆ ಕಾಯಿ ಇಳಿಸೋದು. ನಾಕೂವರಿ ತಿಂಗಳ ಬೆಳಿ. ಒಂದ ಕಾಲಕ್ಕ ಊರಾಗ ಎಲ್ಲರ ಮನ್ಯಾಗೂ ಇದ್ದದ್ದೇ ಅದು. ಎಪ್ಪತ್ತೆರಡರ ಬರದಾಗ ಬೀಜಾ ತಿಂದ್ರು ಜನ. ತಪ್ಪೇನು? ಮಕ್ಕಳ ಮಾರಿ ನೋಡಿ ಯಾರರೆ ತಿನಿಸ್ತಾರ. ಮಲಂಗಸಾಬನ ಅವ್ವ ಬೀಬಿಜಾನ ತಿನಸ್ಲಿಲ್ಲ. ಒಂದ ಗಡಿಗಿ ತುಂಬ ಶೇಂಗಾಕಾಯಿ ಇಟ್ಟು, ಬಾಯಿಗೆ ಸಗಣಿ ಮೆತ್ತಿ, ಅದರ ಮ್ಯಾಲ ತನ್ನ ಕೌದಿ ಮಡಚಿಟ್ಟು ಅದಕ್ಕ ಬೆನ್ನ ಕೊಟ್ಟ ಕುಂದ್ರತಿದ್ಲು. ಮಗಾ ಸೊಸಿ ರಸ್ತೆ ಕೆಲಸಕ್ಕ ಹೋಗಿ ಜಲ್ಲಿ ಒಡದು ಬರತಿದ್ರು. ತಂದ ರೊಟ್ಟಿ ಮೊಮ್ಮಕ್ಕಳಿಗೆ ಸಾಲತಿದ್ದಿಲ್ಲ, ಮುದುಕಿ "ನಾ ಉಂಡೇನಿ" ಅಂತಿದ್ಲು. ಆ ಬ್ಯಾಸಗಿ ದಾಟಲಿಲ್ಲ ಅಕಿ. ಗಡಿಗಿ ದಾಟಿತು. ಮುಂದಿನ ಮಿರಗದ ಮಳಿಗೆ ಮಲಂಗಸಾಬ ಸಗಣಿ ಒಡದು ಕೈ ಹಾಕಿದಾಗ ಒಂದ ಕಾಯೀನೂ ಕೆಟ್ಟಿದ್ದಿಲ್ಲ.

ಆಮ್ಯಾಲ ಊರಾಗಿನ ಬಾಕಿ ಜನ ಪ್ಯಾಟಿಯಿಂದ ಗೆಜ್ಜಿ ಶೇಂಗಾ ತಂದ್ರು. ಗೆಜ್ಜಿ ಅಂದ್ರ ಗಿಡ ನೆಟ್ಟಗ ನಿಲ್ಲತದ, ಕಾಯಿ ಎಲ್ಲಾ ಬುಡಕ್ಕೇ, ಕಾಲಿಗೆ ಗೆಜ್ಜಿ ಕಟ್ಟಿದಂಗ. ಮೂರೂವರಿ ತಿಂಗಳಿಗೆ ಕೈಗೆ ಬರತದ. ಲಗೂ ಬರತದ ಅಂತ ಎಲ್ಲರೂ ಅದನ್ನ ಹಿಡದ್ರು. ಹಿಂಗಾಗಿ ಎಂಬತ್ತೊಂದರ ಹೊತ್ತಿಗೆ ಬಳ್ಳಿ ಬೀಜ ಇದ್ದದ್ದು ಮಲಂಗಸಾಬನ ಮನ್ಯಾಗ ಒಂದೇ. ಎರಡ ಚೀಲ ಕಾಯಿ.

ಆ ವರ್ಷ ಶಿವರಾಯ ಅಫಜಲಪುರಕ್ಕ ಬೀಗರ ಮನಿಗೆ ಹೋಗಿ ಬಂದ. ಬರುಮುಂದ ಬಸ್ಸಿನ ಮ್ಯಾಲ ಎರಡ ಚೀಲ ಹೇರಿಸಿ ತಂದ. ಹೊಸ ಗೆಜ್ಜಿ. ಮೂರ ತಿಂಗಳ ಹತ್ತ ದಿನಕ್ಕ ಬರತದಂತ.

"ನಮ್ಮ ಬೀಗ ಏಸ ಚೀಲ ಬೆಳದಾನ ನೋಡಿ ಬಂದೇನಿ ಲೇ ಮಲಂಗ್ಯಾ," ಅಂದ. "ಮನಿ ತೊಲಿ ಮುಟ್ಟ್ಯಾದ ಒಟ್ಟಿದ್ದು. ಈ ಸಲ ಇದನ್ನ ಬಿತ್ತೂಣು. ನಿನ್ನ ಮುದುಕಿ ಬೀಜ ಸಾಕು."

ಮಲಂಗಸಾಬಗ ಕೆಟ್ಟನಿಸಿತು. "ನಿನ್ನ ಬೀಗಂದು ಭೀಮಾ ದಂಡಿ ಮ್ಯಾಲಿನ ನೆಲ. ಅಲ್ಲಿ ಬೀಳೋ ಮಳಿ ಬ್ಯಾರೆ, ಇಲ್ಲಿ ಬೀಳೋ ಮಳಿ ಬ್ಯಾರೆ."

"ಯಾಕ, ಮುಗಿಲ ಏನ ಜೇವರ್ಗಿಗೊಂದು ಅಫಜಲಪುರಕ್ಕೊಂದು ಅದ ಏನು?"

"ಅದಾವ. ನಮಗ ಮಿರಗ ಬರಲಿ ಬಿಡಲಿ, ಉತ್ತರಿ ಮಳಿ ತಪ್ಪಂಗಿಲ್ಲ. ನಿನ್ನ ಗೆಜ್ಜಿ ಮಿರಗಕ್ಕ ಬಿತ್ತಿದ್ರ ಯಾವಾಗ ಬರತದ, ಎಣಸು."

ನಮ್ಮ ಕಡಿ ತಾರೀಖು ಯಾರ ಕೇಳತಾರ. ಮಳಿ ಹೆಸರಿನ ಮ್ಯಾಲೇ ದಿನಾ ಎಣಸೋದು. ಮಿರಗ, ಆರಿದ್ರಾ, ಪುನರ್ವಸು, ಒಂದೊಂದು ಮಳಿಗೆ ಹದಿಮೂರು ಹದಿನಾಕ ದಿನ. ಶಿವರಾಯ ಬೊಟ್ಟ ಮಡಚಿ ಮಡಚಿ ಎಣಿಸಿದ. ಏಳನೇ ಬೊಟ್ಟು ಹುಬ್ಬಾಕ್ಕ ಬಂತು, ಎಂಟನೇದು ಉತ್ತರಿಗೆ. ಖರೆ, ಗೆಜ್ಜಿ ಹಣ್ಣಾಗೋದು ನಟ್ಟನಡುವ ಉತ್ತರಿಯಾಗ. ಮಡಚಿದ ಬೊಟ್ಟ ಬಿಚ್ಚಿದ. ಆಮ್ಯಾಲ ಅಂದ, "ಹೋದ ವರ್ಷ ಉತ್ತರಿ ಬಂತೇನು? ಬರ್ಲಿಲ್ಲ. ಹಸ್ತಾ ಬಂತೇನು? ಬರ್ಲಿಲ್ಲ. ನಿನ್ನ ಬಳ್ಳಿ ಒಣಗಿ ಸುಟ್ಟ ಹಗ್ಗದಂಗ ಆಗಿದ್ದಿಲ್ಲೇನು? ನನ್ನ ಹಳೆ ಗೆಜ್ಜಿ ಅದಕ್ಕಿಂತ ಮೊದಲೇ ಮನಿ ಸೇರಿತ್ತು."

ಅದೂ ಖರೆ ಇತ್ತು. ಇದ್ರಾಗ ಸುಳ್ಳ ಹೇಳಾವ್ರು ಯಾರೂ ಇದ್ದಿಲ್ಲ, ಅದೇ ತಾಪತ್ರಯ.

ಮೂರ ದಿನ ಇಬ್ಬರೂ ಮಾತ ಬಿಟ್ರು. ಎತ್ತು ಮಾತ್ರ ಒಂದೇ ನೊಗದಾಗ ಹರಗಾಕತ್ತಿದ್ವು. ಮಿರಗ ಹತ್ತ ಬಂತು. ಕಡೀಕ ಮಲಂಗಸಾಬನ ಹೆಂಡತಿ ಜೈತುನಬಿ, ಶಿವರಾಯನ ಹೆಂಡತಿ ಅಂಬುಬಾಯಿ ಇಬ್ಬರೂ ಕೂಡಿ ಬಾವಿ ಕಟ್ಟಿ ಮ್ಯಾಲ ಒಂದ ಉಪಾಯ ತಗದ್ರು. ತೊಗರಿಗೆ, ಸಜ್ಜಿಗೆ ನಾವು ಅಕ್ಕಡಿ ಹಾಕಂಗಿಲ್ಲೇನು? ಒಂದ ಸಾಲ ಇದು, ಒಂದ ಸಾಲ ಅದು. ಒಂದ ಹೋದ್ರ ಒಂದ ಉಳಿತದ. ಹಂಗೇ ಶೇಂಗಾನೂ ಹಾಕ್ರಿ. ಒಂದ ಸಾಲ ಬಳ್ಳಿ, ಒಂದ ಸಾಲ ಗೆಜ್ಜಿ. ಬಳ್ಳಿ ಸಾಲಿನ ಬೆಳಿ ಅವರಿಗೆ, ಗೆಜ್ಜಿ ಸಾಲಿಂದು ಇವರಿಗೆ. ಮಳಿ ಯಾರ ಕೈ ಹಿಡಿತದೋ ಹಿಡೀಲಿ.

ಗಂಡಸರಿಗೂ ಹಿಡಿಸಿತು. ಯಾಕ ಹಿಡಿಸಬಾರದು, ಅಪ್ಪ ಅಜ್ಜ ಮಾಡಿಕೊಂತ ಬಂದಿದ್ದೇ ಅದು. ಅಕ್ಕಡಿ ಹಾಕಿದ ರೈತ ಉಪವಾಸ ಬೀಳಂಗಿಲ್ಲ ಅಂತಾರ. ಒಂದ ಮಾತ ಯಾರಿಗೂ ಹೊಳೀಲಿಲ್ಲ. ತೊಗರಿ ನೆಟ್ಟಗ ಮ್ಯಾಲಕ್ಕ ನಿಲ್ಲತದ, ತನ್ನ ಸಾಲ ತಾ ಕಾಯ್ತದ. ಬಳ್ಳಿ ಶೇಂಗಾ ನಿಲ್ಲಂಗಿಲ್ಲ, ಹರಿತದ.

ಬೀಜ ಸುಲಿಯೋ ದಿನ ಇನ್ನೊಂದ ತಪ್ಪ ಆತು. ಮಲಂಗಸಾಬ ಒಂದ ಗಡಿಗಿ ಕಾಯಿ ತಗದ ಬ್ಯಾರೆ ಇಡಾಕ ಹೋದ. ಶಿವರಾಯ ನಕ್ಕ. "ನೋಡು, ತನ್ನ ಬೀಜದ ಮ್ಯಾಲ ತನಗೇ ಈಮಾನ ಇಲ್ಲ. ನಾ ಎರಡೂ ಚೀಲ ಸುಲದೇನಿ."

ಜೈತುನಬಿ ಕಣ್ಣಿಲೆ ಸನ್ನಿ ಮಾಡಿದ್ಲು, ಬ್ಯಾಡ ಅಂತ. ಮಲಂಗಸಾಬಗ ಜಿದ್ದ ಏರಿತ್ತು. ಗಡಿಗಿ ಎತ್ತಿ ಅಂಗಳದಾಗ ಬೋರಲ ಹಾಕಿದ. "ಸುಲಿ," ಅಂದ. ಸುಲದ ಶೇಂಗಾ ಇಡಾಕ ಬರಂಗಿಲ್ಲ, ನಿಮಗ ಗೊತ್ತದ. ಸಿಪ್ಪಿಯೊಳಗ ಇದ್ರ ವರ್ಷ ಇರತದ, ಸುಲದ್ರ ಬಿತ್ತಬೇಕು ಇಲ್ಲಾ ತಿನ್ನಬೇಕು. ಸಂಜಿ ಆಗೂದರಾಗ ಬೀಬಿಜಾನ ಉಳಿಸಿದ ಬೀಜ ಅಷ್ಟೂ ಸಿಪ್ಪಿ ಹೊರಗ ಇತ್ತು.

ಮಿರಗ ಛಲೋ ಆತು. ಕೂರಿಗಿ ಹಿಂದ ಇಬ್ಬರು ಹೆಂಗಸರು ಬುಟ್ಟಿ ಹಿಡದ ನಡದ್ರು, ಒಬ್ಬಾಕಿ ಬಳ್ಳಿ ಬಿಟ್ಟಳು, ಒಬ್ಬಾಕಿ ಗೆಜ್ಜಿ ಬಿಟ್ಟಳು. ಆರಿದ್ರಾದಾಗ ಸಾಲು ಮೂಡಿ ಬಂದ್ವು, ಚಾಪಿ ಹೆಣದಂಗ. ನಾ ಕಣ್ಣಾರೆ ನೋಡೇನಿ. ಜೇವರ್ಗಿ ಸಂತಿಗೆ ಹೋಗಾವ್ರು ನಿಂತ ನೋಡತಿದ್ರು. ಆ ಎರಡ ತಿಂಗಳ ಇಬ್ಬರೂ ಹಿಂಗ ಮಾತಾಡತಿದ್ರು ನೋಡ್ರಿ, ಬೀಗರಿಗಿಂತ ಹೆಚ್ಚ.

ಮಘಾ ಮಳಿ ಹೊತ್ತಿಗೆ ಬಳ್ಳಿ ಕೈ ಚಾಚಿತು.

ಶೇಂಗಾ ಹ್ಯಾಂಗ ಕಾಯಿ ಹಿಡಿತದ ಅಂತ ಈಗಿನ ಹುಡುಗರಿಗೆ ಹೇಳಬೇಕು. ಹೂವ ಉದುರಿದ ಮ್ಯಾಲ ಅದರ ಬುಡದಿಂದ ಸೂಜಿಯಂತಾ ಎಳಿ ಇಳದು ಮಣ್ಣಿಗೆ ಚುಚ್ಚತದ. ಮಣ್ಣಾಗ ಅದರ ತುದಿ ಉಬ್ಬಿ ಕಾಯಿ ಆಗತದ. ಗೆಜ್ಜಿ ತನ್ನ ಬುಡದಾಗೇ ಚುಚ್ಚಿತು. ಬಳ್ಳಿ ಹರಕೊಂತ ಬಂದು ಗೆಜ್ಜಿ ಸಾಲಿನ ನಡುವ ಚುಚ್ಚಿತು, ಗೆಜ್ಜಿ ದಾಟಿ ಆಕಡಿ ಚುಚ್ಚಿತು. ಹುಬ್ಬಾ ಮುಗಿಯೋದರಾಗ ನೆಲ ಕಾಣಸದಂಗ ಆತು. ಯಾವ ಎಲಿ ಯಾರದು ಅಂತ ಹೇಳಾಕ ಬರಂಗಿದ್ದಿಲ್ಲ.

ಒಂದ ದಿನ ಶಿವರಾಯ ಬಗ್ಗಿ ಒಂದ ಗೆಜ್ಜಿ ಗಿಡ ಕಿತ್ತ. ಅದರ ಜೋಡಿ ಎರಡ ಮೊಳ ಬಳ್ಳಿ ಎದ್ದ ಬಂತು. ಬಳ್ಳಿ ಸೂಜಿ ತುದಿಗೆ ಬಿಳೇ ಎಳೆಗಾಯಿ, ಹಾಲುಗಾಯಿ, ಒಳಗ ನೀರು. ಇಬ್ಬರೂ ಅದನ್ನ ನೋಡಕೊಂತ ನಿಂತ್ರು. ಗೆಜ್ಜಿ ಇನ್ನ ಎಂಟ ಹತ್ತ ದಿನಕ್ಕ ಕೀಳೋದು. ಬಳ್ಳಿಗೆ ಇನ್ನ ತಿಂಗಳ ಮ್ಯಾಲ ಬೇಕು. ಜೋಡಿ ಎತ್ತಿನ ಕುಂಟಿ ಹೊಡದ ಗೆಜ್ಜಿ ಎಬ್ಬಿಸಿದ್ರ ಬಳ್ಳಿ ಬೇರ ಕತ್ತರಿಸ್ತದ. ಬಳ್ಳಿ ಕಾಯ್ದ್ರ ಗೆಜ್ಜಿ ಮಣ್ಣಾಗ ಕೂಡತದ.

"ಮಳಿ ಹಿಡೀಲಿಲ್ಲಂದ್ರ ಕೈಲೆ ಒಂದೊಂದ ಕೀಳೂಣು," ಅಂದ ಶಿವರಾಯ.

"ಹೂಂ. ಹಿಡೀಲಿಲ್ಲಂದ್ರ," ಅಂದ ಮಲಂಗಸಾಬ.

ಹಿಡೀತು. ಉತ್ತರಿ ಹೊಕ್ಕ ನಾಕನೇ ದಿನ, ಮೂಡಣ ದಿಕ್ಕಿನಿಂದ. ಮೊದಲ ನೆಲ ನೆನಿಯೋ ಒಂದ ಹದಾ, ಆಮ್ಯಾಲ ದಿನಾ. ಬಿಳೇ ಮಳಿ, ಗಾಳಿ ಇಲ್ಲ ಗುಡಗ ಇಲ್ಲ, ಸುಮ್ಮ ಸುರಿಯೋದು.

ಈಗ ಇನ್ನೊಂದ ತಿಳಕೋರಿ. ಬಳ್ಳಿ ಶೇಂಗಾ ಹಣ್ಣಾದ ಮ್ಯಾಲೂ ನಿದ್ದಿ ಮಾಡತದ. ಮಣ್ಣು ಹಸಿ ಇದ್ರೂ ಏಳಂಗಿಲ್ಲ, ಎರಡ ತಿಂಗಳ ಬೇಕು ಅದಕ್ಕ. ಗೆಜ್ಜಿಗೆ ನಿದ್ದಿ ಅನ್ನೋದಿಲ್ಲ. ಹಣ್ಣಾತು, ನೀರ ತಾಗಿತು ಅಂದ್ರ ಮಣ್ಣಾಗೇ ಮೊಳಕಿ ಒಡಿತದ. ಮೊಳಕಿ ಒಡದ ಶೇಂಗಾ ಕಹಿ. ಎಣ್ಣಿ ಬರಂಗಿಲ್ಲ, ಬೀಜಕ್ಕ ಬರಂಗಿಲ್ಲ, ತಿನ್ನಾಕ ಬರಂಗಿಲ್ಲ. ಶಿವರಾಯನ ಮನ್ಯಾಗ ಏಳ ಬಾಯಿ. ಹಿಂಗಾರಿ ಜ್ವಾಳ ಇನ್ನ ಬಿತ್ತಿದ್ದಿಲ್ಲ, ಅದು ಕೈಗೆ ಬರೋದು ಶಿವರಾತ್ರಿ ದಾಟಿದ ಮ್ಯಾಲ. ಅಲ್ಲೀತನಕ ಅವರ ಮನಿ ನಡಿಯೋದು ಶೇಂಗಾದ ಮ್ಯಾಲೇ.

ಒಂದ ದಿನ ಮುಂಜಾನಿ ಮಳಿ ನಿಂತು ಬಿಸಲ ಬಿತ್ತು. ಶಿವರಾಯ ಕುಂಟಿ ಹೊತಗೊಂಡ ಹೊಲದ ದಂಡಿಗೆ ಇಟ್ಟ. ಬಾಯಿ ಬಿಟ್ಟ ಕೇಳ್ಲಿಲ್ಲ. ಬಿಳೇ ಎತ್ತಿನ ಮೈ ತೊಳದು, ನೊಗದ ಒಂದ ಕಡಿ ಅದನ್ನ ಹೂಡಿ, ಇನ್ನೊಂದ ಕಡಿ ಕೆಂದಗ ಅಂತ ಖಾಲಿ ಬಿಟ್ಟು ತನ್ನ ಮನಿ ಮುಂದಿನ ಕಟ್ಟಿ ಮ್ಯಾಲ ಕೂತ. ಊರೆಲ್ಲಾ ನೋಡಿತು.

ಮಲಂಗಸಾಬ ದನದ ಕ್ವಾಣ್ಯಾಗಿಂದ ಅದನ್ನ ನೋಡಿದ. ಅಂವನ ಎದಿಯಾಗ ಏನ ಹರಿತು ಅಂತ ಅಂವನೇ ಹೇಳಿದ್ದು: ಅವ್ವ ಹಸದ ಕುಂತಲ್ಲೇ ಸತ್ತ ಜಾಗಾ ಕಂಡಿತಂತ. ಗೆಜ್ಜಿ ಬೀಜ ಪ್ಯಾಟ್ಯಾಗ ಮತ್ತ ಸಿಗತದ. ಇದು ಎಲ್ಲಿ ಸಿಗತದ? ಆದ್ರ ಆ ಮಾತ ಹೊರಗ ಬಂದ ನಿಂತ ಹೇಳೋ ಧೈರ್ಯ ಆಗ್ಲಿಲ್ಲ. ಹಳೇ ಧೋತರ ಹರದು, ಅರಿಷಿಣ ಎಣ್ಣಿ ಕಲಸಿ, ಕೆಂದನ ಮುಂಗಾಲಿಗೆ ಸುತ್ತಿ ಕಟ್ಟಿದ.

ಎತ್ತಿಗೆ ಏನೂ ಆಗಿದ್ದಿಲ್ಲ.

ಇದೇ ನೋಡ್ರಿ ಅಂವ ಹತ್ತ ವರ್ಷ ಮುಚ್ಚಿಟ್ಟ ಮಾತು.

ಜೈತುನಬಿ ಬಾಗಲದಾಗ ನಿಂತ ನೋಡಿದ್ಲು. "ಇದೇನ್ರಿ?"

"ಕಾಲ ಉಳುಕ್ಯಾದ."

"ಎತ್ತಿಂದೋ, ನಿಮ್ಮದೋ?"

ಅಂವ ಅರಬಿ ಗಂಟ ಬಿಗಿದ. ಅಕಿ ಒಳಗ ಹೋಗಿ ಒಲಿ ಮುಂದ ಕೂತ್ಲು. ಆ ದಿನ ಗಂಡಗ ರೊಟ್ಟಿ ಬಡೀಲಿಲ್ಲ ಅಕಿ. ನಿನ್ನಿವು ತಟ್ಟಿಯಾಗ ಇಟ್ಟ ದೂಡಿದ್ಲು.

ಮಧ್ಯಾಹ್ನ ಮತ್ತ ಮಳಿ. ಮರುದಿನಾನೂ ಮಳಿ. ಸಂಜಿಕಡಿ ಶಿವರಾಯ ಬಂದ, ತಲಿ ಮ್ಯಾಲ ಗೋಣಿ ಹೊದಕೊಂಡು. ಕೈಯಾಗ ಬೇವಿನ ತಪ್ಪಲ, ಬಿಸಿ ಮಾಡಿ ಅರಬಿಯಾಗ ಕಟ್ಟಿದ್ದು. ಜಗಳಕ್ಕ ಬಂದಾನ ಅಂತ ಮಲಂಗಸಾಬ ಎದ್ದ ನಿಂತ.

"ಎತ್ತಿನ ಕಾಲ ಉಳುಕ್ಯಾದ ಅಂತಲ್ಲೋ. ನಿನಗ ಶಾಖ ಕೊಡಾಕ ಬರಂಗಿಲ್ಲ, ನೀ ಎಮ್ಮಿ ಡಾಕ್ಟರ," ಅಂದ. "ಸರಿ ಅತ್ಲಾಗ."

ಮಲಂಗಸಾಬ ಬ್ಯಾಡ ಅನ್ನೋದರಾಗ ಶಿವರಾಯ ಸಗಣ್ಯಾಗೇ ಮೊಣಕಾಲ ಊರಿ ಕೂತಿದ್ದ. ಅರಿಷಿಣದ ಅರಬಿ ಬಿಚ್ಚಿದ. ಗೊರಸಿನಿಂದ ಮ್ಯಾಲಿನತನಕ ಬೊಟ್ಟಿಲೆ ಒತ್ತಿ ಒತ್ತಿ ನೋಡಿದ. ಕೆಂದ ಮೇವ ತಿನ್ನಕೊಂತ ಸುಮ್ಮ ನಿಂತಿತ್ತು, ಕಾಲ ಸುದ್ದಾ ಎತ್ತಲಿಲ್ಲ. ನಲವತ್ತ ವರ್ಷ ಎತ್ತು ಸಾಕಿದಾಂವಗ ಗೊತ್ತಾಗಂಗಿಲ್ಲೇನು?

ಶಿವರಾಯ ಆಮ್ಯಾಲ ಬಿಸಿ ಬೇವಿನ ತಪ್ಪಲ ಆ ಛಲೋ ಕಾಲಿಗೇ ಇಟ್ಟ. ಅದೇ ಅರಬಿ ಸುತ್ತಿ, ಮಲಂಗಸಾಬ ಕಟ್ಟಿದ್ದಕ್ಕಿಂತ ನೀಟಾಗಿ ಕಟ್ಟಿದ.

"ಭಾಳ ನೋವ ಅದ," ಅಂದ. "ಎರಡ ದಿನ ಬಿಡು. ಮೂಕಜೀವ."

ಗೋಣಿ ಹೊದಕೊಂಡು ಹೊಂಟ ಹೋದ.

ಮಲಂಗಸಾಬ ಹೇಳತಿದ್ದ, "ಅಂವ ನನ್ನ ಕಪಾಳಕ್ಕ ಹೊಡದಿದ್ರ ನಾ ಇವತ್ತ ಅದನ್ನ ಮರೀತಿದ್ದೆ." ಇದನ್ನ ಹೇಳುಮುಂದ ಆ ಮನಿಷಾಗ ಎಪ್ಪತ್ತು. ಗಂಡಸು ಅತ್ತಿದ್ದು ನಾ ಅಷ್ಟ ಹತ್ತಿರದಿಂದ ನೋಡಿದ್ದು ಅದೇ ಒಂದ ಸಲ. ಇರ್ಲಿ.

ಮುಂಜಾನಿ ಮೋಡ ಹರದಿತ್ತು. ಬೆಳಕ ಹರಿಯೋ ಹೊತ್ತಿಗೆ ಮಲಂಗಸಾಬ ಕೆಂದನ ಕಾಲಿನ ಅರಬಿ ಬಿಚ್ಚಿ ಒಗದು, ಹಗ್ಗ ಹಿಡಕೊಂಡ ಶಿವರಾಯನ ಅಂಗಳಕ್ಕ ಹೋದ. ಅಂಬುಬಾಯಿ ಕಸ ಹೊಡಿಯಾಕತ್ತಿದ್ಲು. ಕಸಬರಿಗಿ ಹಂಗೇ ನಿಲ್ಲಿಸಿದ್ಲು.

"ಎಬ್ಬಸವ್ವ ಅಂವನ್ನ. ಕುಂಟಿ ಹೂಡೂಣು."

ಶಿವರಾಯ ಬಾಗಲಕ್ಕ ಬಂದ. "ನಾ ಕೇಳಿಲ್ಲಲಾ ಲೇ."

"ನೀ ಕೇಳಿಲ್ಲ. ಅದಕ್ಕ ಬಂದೇನಿ."

"ನಿನ್ನ ಅವ್ವನ ಬೀಜ ಅದು. ಬ್ಯಾಡ. ನಾ ಕೈಲೆ ಎಷ್ಟ ಆಗತದ ಅಷ್ಟ ಕಿತಗೋತೇನಿ."

"ಎರಡ ಸಾಲ ಕೀಳೋದರಾಗ ಹಸ್ತಾ ಬರತದ. ನಾಕ ಎಕರೆ ಅದ ಹುಚ್ಚಾ. ನಡಿ, ಆಡಬ್ಯಾಡ."

ಹೊಲದಾಗ ಹೋದ ಮ್ಯಾಲ ಮಲಂಗಸಾಬ ದಂಡಿಗೆ ನಿಂತು ಏಳ ಸಾಲ ಎಣಿಸಿದ. ನೀರ ನಿಲ್ಲದ ಎತ್ತರದ ಜಾಗಾ ಅದು. ಏಳನೇ ಸಾಲಿನ ತುದಿಗೆ ಒಂದ ಕಲ್ಲ ಇಟ್ಟ. "ಇದಿಷ್ಟ ಬಿಡು. ಬೀಜಕ್ಕ ಆಗ್ತದ. ಬಾಕಿ ಎಲ್ಲಾ ಹೊಡಿ."

ಶಿವರಾಯ ಬಂದು ಆ ಕಲ್ಲ ಎತ್ತಿದ. ನಡಕೊಂತ ಹೋದ. ಇಂವ ನೋಡಾಕತ್ತಾನ, ಅಂವ ನಡಿಯಾಕತ್ತಾನ. ಇಪ್ಪತ್ತನೇ ಸಾಲಿಗೆ ಹೋಗಿ ಇಟ್ಟ.

"ಲೇ, ಅಲ್ಲೀತನಕ ನಿಂದೂ ಹತ್ತ ಸಾಲ ಗೆಜ್ಜಿ ಅದ. ಎಬ್ಬಸಾಕ ಬರಂಗಿಲ್ಲ, ಕೊಳೀತದ."

"ಕೊಳೀಲಿ."

"ನಿನ್ನ ಮಕ್ಕಳಿಗೆ ಏನ ತಿನ್ನಸ್ತೀ, ಕಲ್ಲ?"

"ನಿನ್ನ ಮನಿ ರೊಟ್ಟಿ ತಿನ್ನಸ್ತೇನಿ. ನೀ ಭಾಳ ಮಾತಾಡಬ್ಯಾಡ, ಎತ್ತ ಹೂಡು."

ಹೂಡಿದ್ರು. ಮಲಂಗಸಾಬ ತಾನೇ ಕುಂಟಿ ಹಿಡದ. ಶಿವರಾಯ ಹಿಡಿತೇನಿ ಅಂದ್ರೂ ಕೊಡ್ಲಿಲ್ಲ. ಮೊದಲನೇ ಸಾಲಿನಾಗ ಕುಂಟಿ ಅಲಗ ಮಣ್ಣಾಗ ಇಳದು, ಗೆಜ್ಜಿ ಗಿಡ ಎದ್ದು ಮಗ್ಗಲಕ್ಕ ಬಿದ್ವು. ಅದರ ಜೋಡಿ ಬಳ್ಳಿ ಬುಡ ಕಟ್ ಕಟ್ ಅಂತ ಕಡದ ಸಪ್ಪಳ. ಹಸಿ ಹಸಿ ಎಳೆಗಾಯಿ ಮ್ಯಾಲ ಬಂದು ಬಿಸಲಿಗೆ ಬಿದ್ವು, ಬಿಳೇ ಹಲ್ಲಿನಂಗ. ಅಂವ ಹಿಂದ ತಿರುಗಿ ನೋಡ್ಲಿಲ್ಲ. ಹಿಂದ ನಾಕ ಮಂದಿ ಹೆಂಗಸರು ಗೆಜ್ಜಿ ಕೊಡವಿ ಗುಂಪಿ ಹಾಕ್ಕೊಂತ ಬರತಿದ್ರು, ಯಾರೂ ಹಾಡ ಹಚ್ಚಲಿಲ್ಲ. ಶೇಂಗಾ ಕೀಳುಮುಂದ ಹಾಡಿಲ್ಲದ ಹೊಲ ನಾ ಅದೊಂದೇ ನೋಡಿದ್ದು.

ಮೂರನೇ ಸಾಲಿನ ತಿರುವಿನಾಗ ಮಲಂಗಸಾಬ ಎತ್ತು ನಿಲ್ಲಿಸಿದ.

"ಶಿವರಾಯಾ. ಎತ್ತಿಗೆ ಏನೂ ಆಗಿದ್ದಿಲ್ಲ."

"ನಂಗೊತ್ತು. ಹೊಡಿ."

ಅಷ್ಟೇ ಮಾತು.

ಎರಡ ದಿನದಾಗ ಎಬ್ಬಿಸಿದ್ರು. ಏನ ಸಿಕ್ಕಿತು ಕೇಳ್ರಿ, ಮುಚ್ಚಂಗಿಲ್ಲ. ಅರ್ಧಕ್ಕ ಅರ್ಧ ಆಗಲೇ ಮೊಳಕಿ ಒಡದಿತ್ತು. ಸುಳ್ಳ ಉಳುಕಿನ ಆ ಎರಡ ದಿನದಾಗೇ ಒಡದದ್ದು ಭಾಳ, ಬೇರ ಇನ್ನ ಬೊಟ್ಟಿನ ಗೆಣ್ಣ ಉದ್ದ ಆಗಿದ್ದಿಲ್ಲ, ನೋಡಿದ್ರ ಗೊತ್ತಾಗತಿತ್ತು. ಅಂಬುಬಾಯಿ ಒಡದಿದ್ದು ಒಂದ ಕಡಿ, ಛಲೋದು ಒಂದ ಕಡಿ ಆರಿಸಿದ್ಲು. ಒಡದಿದ್ದರ ಗುಂಪಿ ದೊಡ್ಡದಾದಂಗ ದೊಡ್ಡದಾದಂಗ ಮಲಂಗಸಾಬ ಅದನ್ನ ನೋಡಾಕ ಆಗದ ಬ್ಯಾರೆ ಕಡಿ ಹೋಗಿ ನಿಂತ. ಛಲೋ ಕಾಯಿ ಮನ್ಯಾಗ ಹೊಗಿ ಹಾಕಿ, ಹಾಸಗಿ ಮ್ಯಾಲ ಹರವಿ ಒಣಗಿಸಿದ್ರು. ಶಿವರಾಯ ಅದ್ರಾಗೂ ಅರ್ಧ ಪಾಲ ತಂದು ಮಲಂಗಸಾಬನ ಪಡಸಾಲ್ಯಾಗ ಸುರವಿ ಹೋದ. ಒಯ್ಯಿ ಅಂದ್ರ ಒಯ್ಯಲಿಲ್ಲ. ಎರಡ ಮನಿಗೂ ಸಾಲಲಿಲ್ಲ ಅದು. ಎರಡೂ ಮನ್ಯಾವ್ರು ಆ ಥಂಡಿಯಾಗ ಕಬ್ಬ ಕಡಿಯಾಕ ಊರ ಬಿಟ್ಟ ಹೋಗಿ ಬಂದ್ರು.

ಹಸ್ತಾನೂ ಆತು. ಚಿತ್ತಿ ನಡುವ ಮಳಿ ಹಿಂದ ಸರೀತು. ಕಲ್ಲಿನೀಚಿಗೆ ಬಿಟ್ಟ ಆ ಇಪ್ಪತ್ತ ಸಾಲಿನ ಪಟ್ಟಿ ಇತ್ತಲ್ಲ, ಅದ್ರಾಗ ಶಿವರಾಯನ ಗೆಜ್ಜಿ ಕೊಳತ ಹೋತು. ಬಳ್ಳಿ? ಏನ ಹೇಳಲಿ. ಮಣ್ಣು ಮೆತ್ತಗ, ಮ್ಯಾಲ ಬಿಸಲ ಛಲೋ. ದೀಪಾವಳಿ ಹಿಂದ ಕಿತ್ತಾಗ ಒಂದೊಂದ ಬಳ್ಳಿಗೆ ಎರಡ ಕೈ ತುಂಬ ಕಾಯಿ, ತುಂಬ ಕಾಳು. ಒಂದೂ ಮೊಳಕಿ ಒಡದಿದ್ದಿಲ್ಲ. ಬಾಕಿ ಹೊಲಾನೂ ಹಿಂಗೇ ನಿಂತಿತ್ತಂದ್ರ ಏಸ ಚೀಲ ಆಗತಿತ್ತು ಅಂತ ಊರಾಗ ಎಲ್ಲರೂ ಲೆಕ್ಕ ಹಾಕಿದ್ರು. ಮಲಂಗಸಾಬ ಹಾಕ್ಲಿಲ್ಲ.

ಆ ವರ್ಷದ ಮಳಿಗೆ ಬಳ್ಳೀನೇ ಖರೆ ಇತ್ತು. ಅದರ ಹಿಂದಿನ ವರ್ಷದ ಮಳಿಗೆ ಗೆಜ್ಜೀನೇ ಖರೆ ಇತ್ತು. ಇಬ್ಬರೂ ಮಳಿ ಬರೂಕಿಂತ ಮೊದಲೇ ಜಗಳಾಡಿ, ಸುಲದು, ತಮ್ಮ ಕೈ ತಾವೇ ಕಟಗೊಂಡಿದ್ದೇ ತಪ್ಪಾತು.

ಕಾಯಿ ಒಣಗಿದ ಮ್ಯಾಲ ಒಂದ ಚೀಲ ತುಂಬಿ ಮ್ಯಾಲ ಒಂದ ಬುಟ್ಟಿ ಆತು. ಮಲಂಗಸಾಬ ಗಡಿಗಿಗೆ ಸಗಣಿ ಕಲಸಾಕ ಕೂತ. ಜೈತುನಬಿ ಅಂವನ ಕೈ ಹಿಡದ್ಲು.

"ಮತ್ತ ಒಂದ ಮನ್ಯಾಗೇ?" ಅಂದ್ಲು. "ಒಬ್ಬರ ಜಿದ್ದಿನ ಕೈಯಾಗ ಇತ್ತು, ಇನ್ನ ಜರಾದಾಗ ಹೋಗತಿತ್ತು. ಸಾಕ್ರಿ."

ಅಕಿ ಬುಟ್ಟಿ ಎತ್ತಿ ಟೊಂಕಕ್ಕ ಇಟಗೊಂಡು ಅಂಬುಬಾಯಿ ಅಂಗಳಕ್ಕ ಹೋದ್ಲು. ಅಂಬುಬಾಯಿ ಮಣಿ ತಂದು ಹಾಕಿದ್ಲು, ಇಕಿ ಕೂಡ್ಲಿಲ್ಲ, ಅಕಿನ್ನೇ ಕೂಡಿಸಿದ್ಲು.

"ಉಡಿ ಹಿಡಿ ಅಕ್ಕಾ."

"ಏನಬೇ ಇದು? ನಮ್ಮ ಗೆಜ್ಜಿ ನಿಮ್ಮ ಬಳ್ಳಿ ತಿಂದ ಮ್ಯಾಲ ನಂಗ್ಯಾಕ ಉಡಿ?"

"ಹಿಡಿ ಅಂದ್ರ ಹಿಡಿ."

ಬೊಗಸಿಲೆ ಐದ ಸಲ ಹಾಕಿದ್ಲು, ಸಿಪ್ಪಿ ಇದ್ದ ಕಾಯಿ. ಆಮ್ಯಾಲ ಬುಟ್ಟಿ ಅಷ್ಟೂ ಅಲ್ಲೇ ಇಟ್ಟಳು. ಅಂಬುಬಾಯಿ ಸೆರಗ ಗಂಟ ಹಾಕ್ಕೊಂಡ್ಲು. ಶಿವರಾಯ ಕ್ವಾಣ್ಯಾಗ ನಿಂತು ಎತ್ತಿನ ಬೆನ್ನ ಸವರಕೊಂತ ಇದ್ದ, ಹೊರಗ ಬರ್ಲಿಲ್ಲ.

ಮುಂದಿನ ವರ್ಷ ಮಿರಗ ಹೋತು, ಆರಿದ್ರಾ ಹೋತು, ಹನಿ ಇಲ್ಲ. ಎರಡೂ ಮನ್ಯಾಗ ಎರಡೂ ನಮೂನಿ ಕಾಯಿ ಸಿಪ್ಪಿಯೊಳಗೇ ಇದ್ವು. ಪುನರ್ವಸು ನಡುವ ಮಳಿ ಬಂತು. ಆವಾಗ ಇಬ್ಬರೂ ಕೂತು ಬೊಟ್ಟ ಮಡಚಿ ಎಣಿಸಿದ್ರು. ಇವತ್ತ ಬಿತ್ತಿದ್ರ ಗೆಜ್ಜಿ ಹಸ್ತಾ ದಾಟಿದ ಮ್ಯಾಲ ಬರತದ, ಬಳ್ಳಿಗೆ ಕಡೀಕ ನೀರ ಸಾಲಂಗಿಲ್ಲ. ಗೆಜ್ಜಿ ಸುಲದ್ರು. ಬಳ್ಳಿ ಬೀಜ ಸಾಯಬಾರದು ಅಂತ ಅದಕ್ಕ ಬಾವಿ ಮಗ್ಗಲ ಬ್ಯಾರೆ ಜಾಗಾದಾಗ ಒಂದ ಪಟ್ಟಿ, ಅಷ್ಟೇ. ಅದರ ಮುಂದಿನ ವರ್ಷ ಮಿರಗ ಛಲೋ ಆತು, ಬಳ್ಳಿ ಸುಲದ್ರು. ಆಮ್ಯಾಲ ಊರಾಗ ಹಂಗೇ ನಡೀತು. ಅಂಬುಬಾಯಿ ಉಡಿಯಿಂದ ಇನ್ನೊಬ್ಬಾಕಿ ಉಡಿಗೆ, ಅಕಿಯಿಂದ ಮತ್ತೊಬ್ಬಾಕಿಗೆ ಹೋಗಿ, ಐದ ವರ್ಷದಾಗ ಹನ್ನೊಂದ ಮನ್ಯಾಗ ಬಳ್ಳಿ ಬೀಜ ಆತು. ಯಾರರೆ ಬಂದು "ಮಲಂಗಣ್ಣ, ಈ ಸಲ ಯಾವುದು?" ಅಂದ್ರ ಅಂವ ಮುಗಿಲ ಕಡಿ ನೋಡಿ, "ಇನ್ನ ಸುಲೀಬ್ಯಾಡ" ಅಂತಿದ್ದ.

ಮುಗೀತು. ಅರಳು ಮರಳು ಅಂದಾಂವ ಕೇಳಿದಿಲ್ಲೋ? ಈಗ ಒಂದ ಕೆಲಸ ಮಾಡ್ರಿ. ನನ್ನ ದನಿ ಹಿಡಕೊಂಡೀರಲ್ಲ, ಅದನ್ನ ನಿಮ್ಮ ಫೋನಿನಾಗ ಇಟ್ಟ ಕೊಳಸಬ್ಯಾಡ್ರಿ. ಆಳಂದ ಕಡಿ, ಅಫಜಲಪುರ ಕಡಿ ನಿಮ್ಮ ಬೀಗರು ಅದಾರಲ್ಲ, ಅವರಿಗೆ ಕಳಸ್ರಿ. ಮಳಿ ಇನ್ನ ಬಂದಿಲ್ಲ. ಯಾರರೆ ಬ್ಯಾರೆಯವರ ಊರಾಗಿನ ಬೆಳಿ ನೋಡಿ ಚೀಲ ಬಿಚ್ಚಾಕತ್ತಿದ್ರ, ಸುಲಿಯೂಕಿಂತ ಮೊದಲ ಅವರಿಗೆ ಇದನ್ನ ಕೇಳಸ್ರಿ.